ಹಳೆಯ ಎಂಜಿನ್ನಿಗೆ ಹೊಸ ಲೈನರ್

ಹಳೆಯ ಟ್ರ್ಯಾಕ್ಟರಿನ ಎಂಜಿನ್ ಬಿಚ್ಚಿ ಮಾಡುವ ದುರಸ್ತಿಯಲ್ಲಿ ಸಿಲಿಂಡರಿಗೆ ಹೊಸ ಲೈನರ್ ಕೂರಿಸುವುದು ಕಣ್ಣಿಗೆ ಅತಿ ಕಡಿಮೆ ಕಾಣುವ ಕೆಲಸ. ಆದರೆ ಉಳಿದ ಖರ್ಚೆಲ್ಲ ಸಾರ್ಥಕವಾಗುವುದೂ ನೀರುಪಾಲಾಗುವುದೂ ಅದರ ಮೇಲೆಯೇ ನಿಂತಿದೆ. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ಗುಂಡನೆಯ ಪೊಳ್ಳು ಜಾಗವೇ ಸಿಲಿಂಡರ್. ಆ ಪೊಳ್ಳಿನ ಒಳಗೆ ಕೂರಿಸಿರುವ, ಸವೆದಾಗ ತೆಗೆದು ಬೇರೆ ಹಾಕಬಹುದಾದ ಎರಕದ ಕಬ್ಬಿಣದ ಕೊಳವೆಯೇ ಲೈನರ್. ಅಂಗಿಯ ತೋಳು ಕೈಯನ್ನು ಸುತ್ತುವರಿಯುವ ಹಾಗೆ ಇದು ಪಿಸ್ಟನ್ನನ್ನು ಸುತ್ತುವರಿಯುವುದರಿಂದ ಸ್ಲೀವ್ ಎಂಬ ಹೆಸರೂ ಇದಕ್ಕಿದೆ, ಮತ್ತು ಕರ್ನಾಟಕದ ಗ್ಯಾರೇಜುಗಳಲ್ಲಿ ಎರಡೂ ಮಾತು ಬಳಕೆಯಲ್ಲಿವೆ. ಎಂಜಿನ್ನಿನ ಮುಖ್ಯ ಒಡಲಾದ ಬ್ಲಾಕು ದಶಕಗಳ ಕಾಲ ಉಳಿಯಬೇಕು, ಸವೆತವನ್ನೆಲ್ಲ ಲೈನರ್ ತನ್ನ ಮೇಲೆ ಹಾಕಿಕೊಳ್ಳಬೇಕು ಎಂಬುದು ಈ ವ್ಯವಸ್ಥೆಯ ಹಿಂದಿರುವ ಸರಳವಾದ ಯೋಚನೆ.

ಈ ವಿಷಯವನ್ನು ದೋಹಾ ನಗರದ ಅಲ್ ಸದ್ದ್ ಬಡಾವಣೆಯ ಕಡೆಯಿಂದ ನೋಡುವುದಕ್ಕೆ ಕಾರಣವಿದೆ. ಅಲ್ಲಿನ ಬಹುಮಹಡಿ ಕಟ್ಟಡಗಳ ಮನೆಗಳಲ್ಲಿ ಅಥವಾ ಕತಾರಿನ ಬೇರೆ ಭಾಗಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಊರಿನ ಹೊಲದೊಡನೆ ಇರುವ ನಂಟು ಬಹುಮಟ್ಟಿಗೆ ಫೋನಿನ ಮೂಲಕವೇ ನಡೆಯುತ್ತದೆ. ತಂದೆಯೋ ಅಣ್ಣನೋ ಓಡಿಸುವ ಟ್ರ್ಯಾಕ್ಟರು ಹೊಗೆ ಕಾರತೊಡಗಿದಾಗ ರಿಪೇರಿಯ ಹಣ ದೋಹಾದಿಂದ ಹೋಗುತ್ತದೆ, ಕೆಲಸ ಸುಮಾರು 3,000 ಕಿ.ಮೀ. ದೂರದ ತಾಲ್ಲೂಕು ಕೇಂದ್ರದ ಗ್ಯಾರೇಜಿನಲ್ಲಿ ನಡೆಯುತ್ತದೆ. ಕತಾರಿನಲ್ಲಿ ಶುಕ್ರವಾರ ರಜೆ, ಊರಿನಲ್ಲಿ ಅಂದು ಕೆಲಸದ ದಿನ, ಸಮಯದಲ್ಲಿ ಎರಡೂವರೆ ಗಂಟೆಯ ಅಂತರ. ಹೀಗಾಗಿ ಮಾತುಕತೆಗೆ ಶುಕ್ರವಾರದ ಬೆಳಗ್ಗೆಯೇ ಅನುಕೂಲ. ಆ ಹೊತ್ತಿಗೆ ಹಣ ಕೊಡುವವರ ಫೋನಿಗೆ ಬರುವುದು ಹೊಳೆಯುವ ಹೊಸ ಲೈನರಿನ ಒಂದು ಫೋಟೋ. ಆದರೆ ಲೈನರ್ ಕೆಲಸದ ಒಳ್ಳೆಯದು ಕೆಟ್ಟದ್ದು ನಿರ್ಧಾರವಾಗುವುದು ಇಂಚಿನ ಸಾವಿರದ ಒಂದು ಭಾಗದಲ್ಲಿ. ಮೆಕ್ಯಾನಿಕರು ಥೌ ಎಂದು ಕರೆಯುವ ಈ ಅಳತೆ 0.0254 ಮಿ.ಮೀ., ಅಂದರೆ ತಲೆಗೂದಲಿನ ದಪ್ಪದ ಸುಮಾರು ಮೂರನೆಯ ಒಂದು ಪಾಲು, ಮತ್ತು ಯಾವ ಫೋಟೋದಲ್ಲೂ ಅದು ಕಾಣುವುದಿಲ್ಲ. ಆದ್ದರಿಂದ ದೂರದಲ್ಲಿರುವವರು ಕೇಳಬೇಕಾದದ್ದು ಚಿತ್ರವನ್ನಲ್ಲ, ಅಂಕಿಗಳನ್ನು. ಆ ಅಂಕಿಗಳು ಯಾವುವು, ಅವುಗಳ ಹಿಂದಿನ ಕಾರಣವೇನು ಎಂಬುದನ್ನು ತಿಳಿದವರು ಮಾತ್ರ ಅವನ್ನು ಕೇಳಬಲ್ಲರು.

ಸಿಲಿಂಡರ್ ಎಲ್ಲ ಕಡೆಯೂ ಒಂದೇ ಸಮನಾಗಿ ಸವೆಯುವುದಿಲ್ಲ. ಕರ್ನಾಟಕದ ಹಳ್ಳಿಗಳಲ್ಲಿ ಇಂದಿಗೂ ಕಾಣಸಿಗುವ ಮೆಸ್ಸಿ ಫರ್ಗ್ಯುಸನ್ 35 ಮತ್ತು ಅದರ ವಂಶದ 1035 ಟ್ರ್ಯಾಕ್ಟರುಗಳನ್ನೇ ತೆಗೆದುಕೊಂಡರೆ, ಅವುಗಳ ಮೂಲವಾದ ಪರ್ಕಿನ್ಸ್ ಮೂರು ಸಿಲಿಂಡರಿನ ಡೀಸೆಲ್ ಎಂಜಿನ್ನಿನಲ್ಲಿ ಸಿಲಿಂಡರಿನ ಅಡ್ಡಳತೆ, ಅಂದರೆ ಬೋರ್, 91.44 ಮಿ.ಮೀ.; ಪಿಸ್ಟನ್ ಒಂದು ಸಲ ಸಾಗುವ ದೂರ, ಅಂದರೆ ಸ್ಟ್ರೋಕ್, 127 ಮಿ.ಮೀ. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಪ್ರತಿ ಪಿಸ್ಟನ್ನೂ ಮೇಲಿನ ತುದಿಯಲ್ಲಿ ಗಂಟೆಗೆ 1,20,000 ಸಲ ಕ್ಷಣಮಾತ್ರ ನಿಂತು ಹಿಂದಿರುಗುತ್ತದೆ; ಸಾವಿರ ಗಂಟೆಯ ದುಡಿಮೆಗೆ ಇದು 12 ಕೋಟಿ ಸಲವಾಗುತ್ತದೆ. ಪಿಸ್ಟನ್ ವೇಗವಾಗಿ ಚಲಿಸುವಾಗ ಅದರ ಸುತ್ತ ತೊಡಿಸಿದ ರಿಂಗಿಗೂ ಸಿಲಿಂಡರಿನ ಗೋಡೆಗೂ ನಡುವೆ ಎಣ್ಣೆಯ ಪದರ ತಾನಾಗಿ ನಿಲ್ಲುತ್ತದೆ, ಆದರೆ ನಿಂತು ತಿರುಗುವ ಆ ಕ್ಷಣದಲ್ಲಿ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಡೀಸೆಲ್ ಹೊತ್ತಿಕೊಂಡು ಒತ್ತಡವು ಶಿಖರಕ್ಕೇರುವುದೂ ಅದೇ ಜಾಗದಲ್ಲಿ, ಅದೇ ಹೊತ್ತಿಗೆ. ಒತ್ತಡವನ್ನು 60 ಬಾರ್ ಎಂದು ಲೆಕ್ಕ ಹಿಡಿದರೂ ಈ ಅಳತೆಯ ಪಿಸ್ಟನ್ನಿನ ತಲೆಯ ಮೇಲೆ ಸುಮಾರು 4 ಟನ್ ಭಾರ ಬೀಳುತ್ತದೆ, ಮತ್ತು ಅದೇ ಅನಿಲವು ಮೇಲಿನ ರಿಂಗಿನ ಬೆನ್ನ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಹೀಗಾಗಿ ಸವೆತವು ಬೋರಿನ ಮೇಲ್ತುದಿಗೆ ಸ್ವಲ್ಪ ಕೆಳಗೆ, ಮೊದಲ ರಿಂಗು ಹಿಂದಿರುಗುವ ರೇಖೆಯಲ್ಲಿ ಅತಿ ಹೆಚ್ಚು. ಕೆಳಗೆ ಇಳಿದಂತೆ ಕಡಿಮೆ. ರಿಂಗು ತಲುಪದ ಮೇಲಂಚಿನಲ್ಲಿ ಲೋಹ ಹಾಗೆಯೇ ಉಳಿದು, ಉಗುರಿಗೆ ತಗಲುವಂತಹ ಒಂದು ಏಣು ಏರ್ಪಡುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕ್ ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡು ಓರೆಯಾಗಿ ನಿಂತು ಅದನ್ನು ಒಂದು ಪಕ್ಕಕ್ಕೆ ತಳ್ಳುವುದರಿಂದ ಬೋರು ದುಂಡಗೂ ಉಳಿಯದೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಈ ಸ್ವಾಭಾವಿಕ ಸವೆತವನ್ನು ಹಲವು ಪಟ್ಟು ಬೇಗ ಮಾಡಿಸುವುದು ಧೂಳು. ಬೇಸಿಗೆಯಲ್ಲಿ ಒಣ ನೆಲಕ್ಕೆ ರೋಟವೇಟರ್ ಹೊಡೆಯುವಾಗ, ಕಣದಲ್ಲಿ ಒಕ್ಕುವ ಯಂತ್ರಕ್ಕೆ ಟ್ರ್ಯಾಕ್ಟರ್ ಕಟ್ಟಿ ದಿನಗಟ್ಟಲೆ ಓಡಿಸುವಾಗ ಏಳುವ ಧೂಳಿನಲ್ಲಿ ಸ್ಫಟಿಕಶಿಲೆಯ ಕಣಗಳಿರುತ್ತವೆ, ಮತ್ತು ಅವು ಎರಕದ ಕಬ್ಬಿಣಕ್ಕಿಂತ ಗಡುಸು. ಕತಾರಿನಲ್ಲಿ ವಾಯವ್ಯ ದಿಕ್ಕಿನಿಂದ ಬೀಸುವ ಶಮಾಲ್ ಗಾಳಿ ಎಬ್ಬಿಸುವ ಮರಳುಧೂಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಡೀಸೆಲ್ ಯಂತ್ರಗಳನ್ನು ನೋಡಿಕೊಳ್ಳುವವರು ಏರ್ ಫಿಲ್ಟರಿನ ವಿಷಯದಲ್ಲಿ ತೋರುವ ಎಚ್ಚರ ಹಾವೇರಿಯ ಹೊಲದಲ್ಲೂ ಅಷ್ಟೇ ಅಗತ್ಯ. ಹಳೆಯ ಟ್ರ್ಯಾಕ್ಟರುಗಳಲ್ಲಿ ಗಾಳಿಯನ್ನು ಎಣ್ಣೆಯ ತಟ್ಟೆಯ ಮೂಲಕ ಹಾಯಿಸಿ ಧೂಳು ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರ್ ಇರುತ್ತದೆ. ಅದರ ಎಣ್ಣೆ ಕೆಸರಾಗಿದ್ದರೆ, ಅಥವಾ ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸಿನಲ್ಲಿ ಒಂದು ಸೀಳಿದ್ದರೆ, ಎಷ್ಟು ಒಳ್ಳೆಯ ಲೈನರ್ ಹಾಕಿದರೂ ಅದು ಬೇಗನೆ ಸವೆದುಹೋಗುತ್ತದೆ. ಹೊಸ ಲೈನರಿಗೆ ಹಣ ಕೊಡುವವರು ಮೊದಲು ವಿಚಾರಿಸಬೇಕಾದದ್ದು ಈ ಹೋಸನ್ನು. ಅಗ್ಗದ ಈ ವಸ್ತುವಿನ ಹೆಸರು ಬಿಲ್ಲಿನಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ.

ಎಂಜಿನ್ ಆಯಿಲ್ ಕುಡಿಯುವುದು, ನೀಲಿ ಹೊಗೆ, ಚಳಿಯ ಬೆಳಗ್ಗೆ ಸ್ಟಾರ್ಟ್ ಆಗಲು ತಡವಾಗುವುದು, ಬ್ರೀದರ್ ಎಂಬ ಗಾಳಿಕೊಳವೆಯಲ್ಲಿ ಬುಸುಬುಸು ಹೊಗೆ ಬರುವುದು ಇವು ಸವೆತದ ಲಕ್ಷಣಗಳು. ಆದರೆ ಲಕ್ಷಣ ಕಂಡ ಕೂಡಲೇ ಲೈನರ್ ಬದಲಿಸಬೇಕೆಂದೇನೂ ಅಲ್ಲ. ರಿಂಗುಗಳು ಮಸಿಯಿಂದ ಅಂಟಿಕೊಂಡಾಗಲೂ, ವಾಲ್ವ್ ಗೈಡುಗಳು ಸಡಿಲವಾದಾಗಲೂ ಇಂತಹವೇ ಲಕ್ಷಣಗಳು ಕಾಣುತ್ತವೆ. ನಿರ್ಧಾರವನ್ನು ಬೋರ್ ಡಯಲ್ ಗೇಜ್ ಹೇಳಬೇಕು. ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ ಎಂದು ಮೂರು ಮಟ್ಟದಲ್ಲಿ, ಪ್ರತಿ ಮಟ್ಟದಲ್ಲೂ ಎಂಜಿನ್ನಿನ ಉದ್ದಕ್ಕೆ ಒಂದು ಸಲ, ಅಡ್ಡಕ್ಕೆ ಒಂದು ಸಲ ಅಳೆದರೆ ಒಂದು ಸಿಲಿಂಡರಿಗೆ ಆರು ಅಂಕಿ, ಮೂರಕ್ಕೆ ಹದಿನೆಂಟು ಅಂಕಿ ಸಿಗುತ್ತವೆ. ಮೇಲಿನ ಮತ್ತು ಕೆಳಗಿನ ಅಳತೆಗಳ ವ್ಯತ್ಯಾಸವು ಬೋರಿನ ಇಳುಕನ್ನೂ, ಉದ್ದ ಮತ್ತು ಅಡ್ಡದ ವ್ಯತ್ಯಾಸವು ಮೊಟ್ಟೆಯಾಕಾರವನ್ನೂ ತಿಳಿಸುತ್ತವೆ, ಮತ್ತು ಆಯಾ ಎಂಜಿನ್ನಿನ ಕೈಪಿಡಿಯಲ್ಲಿ ಕೊಟ್ಟಿರುವ ಮಿತಿಯೊಡನೆ ಹೋಲಿಸಿದಾಗ ಮಾತ್ರ ಅವುಗಳಿಗೆ ಅರ್ಥ ಬರುತ್ತದೆ. ಈ ಹದಿನೆಂಟು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದು ಅದರ ಫೋಟೋ ಕಳುಹಿಸುವಂತೆ ಅಲ್ ಸದ್ದ್‌ನಿಂದ ಕೇಳುವುದು ಅಪನಂಬಿಕೆಯ ಮಾತಲ್ಲ. ಒಳ್ಳೆಯ ಮೇಸ್ತ್ರಿ ತನಗಾಗಿಯೇ ಅದನ್ನು ಬರೆದಿಟ್ಟುಕೊಂಡಿರುತ್ತಾನೆ.

ಮುಂದಿನ ಕೆಲಸವು ಎಂಜಿನ್ನಿನ ರಚನೆಯನ್ನು ಅವಲಂಬಿಸಿದೆ. ಕೆಲವು ಎಂಜಿನ್ನುಗಳಿಗೆ ಕಾರ್ಖಾನೆಯಿಂದ ಲೈನರ್ ಇರುವುದೇ ಇಲ್ಲ. ಎಸ್ಕಾರ್ಟ್ಸ್ ಸಂಸ್ಥೆ ಫರೀದಾಬಾದಿನಲ್ಲಿ ತಯಾರಿಸಿದ, ಕರ್ನಾಟಕದಲ್ಲೂ ಹೆಸರಾಗಿದ್ದ ಫೋರ್ಡ್ 3600 ಇದಕ್ಕೆ ಉದಾಹರಣೆ. ಅಲ್ಲಿ ಪಿಸ್ಟನ್ ನೇರವಾಗಿ ಬ್ಲಾಕಿನಲ್ಲೇ ಓಡುತ್ತದೆ, ಸವೆದಾಗ ಬೋರು ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕುತ್ತಾರೆ, ಕೊರೆಯುವಷ್ಟು ಲೋಹ ಉಳಿಯದಿದ್ದಾಗ ಅಥವಾ ಗೋಡೆ ತೂತು ಬಿದ್ದಾಗ ಇನ್ನಷ್ಟು ಕೊರೆದು ಸ್ಲೀವ್ ಕೂರಿಸಿ ಮೂಲ ಅಳತೆಗೆ ಮರಳಿಸುತ್ತಾರೆ. ಎರಡನೆಯದು ಡ್ರೈ ಲೈನರ್: ಇದು ತೆಳುವಾದ ಕೊಳವೆ, ಹೊರಮೈಯೆಲ್ಲ ಬ್ಲಾಕಿನ ಲೋಹಕ್ಕೆ ಒತ್ತಿಕೊಂಡಿರುತ್ತದೆ, ತಂಪು ಮಾಡುವ ನೀರು ಇದನ್ನು ಮುಟ್ಟುವುದಿಲ್ಲ; ಮೇಲೆ ಹೇಳಿದ ಪರ್ಕಿನ್ಸ್ ಎಂಜಿನ್ ಈ ವರ್ಗಕ್ಕೆ ಸೇರಿದ್ದು. 1960ರಲ್ಲಿ ಮದ್ರಾಸಿನಲ್ಲಿ ಸ್ಥಾಪನೆಯಾದ ಟಾಫೆ ಮೆಸ್ಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳನ್ನು ಭಾರತದಲ್ಲಿ ತಯಾರಿಸಿತು, ದೊಡ್ಡಬಳ್ಳಾಪುರದಲ್ಲೂ ಅದರ ಕಾರ್ಖಾನೆಯಿದೆ. ಹೀಗಾಗಿ ಈ ವಂಶದ ಬಿಡಿಭಾಗ ಸಿಗದ ತಾಲ್ಲೂಕು ಕೇಂದ್ರ ಕರ್ನಾಟಕದಲ್ಲಿ ಅಪರೂಪ. ಮೂರನೆಯದು ವೆಟ್ ಲೈನರ್: ದಪ್ಪ ಗೋಡೆಯ ಈ ಕೊಳವೆಯ ಹೊರಮೈಯನ್ನು ನೀರು ನೇರವಾಗಿ ತಾಗುತ್ತದೆ, ಮೇಲಿನ ಅಂಚಿನ ಪಟ್ಟಿಯೂ ಕೆಳಗಿನ ರಬ್ಬರ್ ಉಂಗುರ ಅಥವಾ ಗ್ಯಾಸ್ಕೆಟ್ಟೂ ನೀರನ್ನು ತಡೆಯುತ್ತವೆ. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್‌ಎಂಟಿ ಸಂಸ್ಥೆಯು 1971ರಲ್ಲಿ ಪಿಂಜೋರಿನಲ್ಲಿ ಜೆಕೊಸ್ಲೊವಾಕಿಯಾದ ಝೆಟರ್ ತಂತ್ರಜ್ಞಾನದಿಂದ ತಯಾರಿಸತೊಡಗಿದ ಟ್ರ್ಯಾಕ್ಟರುಗಳಲ್ಲಿ ಇದ್ದದ್ದು ಈ ಬಗೆ. ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ 1946ರಿಂದ 1956ರವರೆಗೆ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಪುಟ್ಟ ಬೂದು ಬಣ್ಣದ ಫರ್ಗ್ಯುಸನ್ ಟಿಇ20 ಟ್ರ್ಯಾಕ್ಟರುಗಳ ಬಹುಪಾಲಿನಲ್ಲೂ ಸ್ಟ್ಯಾಂಡರ್ಡ್ ಮೋಟಾರ್ ಕಂಪನಿಯ ವೆಟ್ ಲೈನರ್ ಎಂಜಿನ್ ಇತ್ತು. ಮೊದಲು 80 ಮಿ.ಮೀ. ಇದ್ದ ಬೋರನ್ನು ಆಮೇಲೆ 85 ಮಿ.ಮೀ.ಗೆ ಹಿಗ್ಗಿಸಲು ಸಾಧ್ಯವಾದದ್ದು ಈ ಬದಲಾಯಿಸಬಲ್ಲ ಕೊಳವೆಯಿಂದಲೇ.

ವೆಟ್ ಲೈನರ್ ಕೂರಿಸುವುದು ನೋಡಲು ಸುಲಭ, ಏಕೆಂದರೆ ಅದು ಕೈಯೊತ್ತಿಗೇ ಇಳಿಯುತ್ತದೆ. ಕಷ್ಟವಿರುವುದು ಅದು ಕೂರುವ ಮೆಟ್ಟಿಲಿನಲ್ಲಿ. ಬ್ಲಾಕಿನ ಮೇಲ್ಭಾಗದಲ್ಲಿ ಲೈನರಿನ ಅಂಚುಪಟ್ಟಿಗಾಗಿ ಕೊರೆದ ಮೆಟ್ಟಿಲೊಂದಿರುತ್ತದೆ. ಹಳೆಯ ಲೈನರನ್ನು ಪುಲ್ಲರ್ ಹಾಕಿ ಎಳೆದು ತೆಗೆದ ಮೇಲೆ ಆ ಮೆಟ್ಟಿಲಿನ ಮೇಲೆ ತುಕ್ಕು, ಸುಣ್ಣ, ಹಳೆಯ ಸೀಲಂಟಿನ ಚೂರುಗಳು ಉಳಿದಿರುತ್ತವೆ. ಸಾಸಿವೆಯ ಸಿಪ್ಪೆಯಷ್ಟು ಕಸ ಅಲ್ಲಿ ಉಳಿದರೂ ಲೈನರ್ ಓರೆಯಾಗಿ ಕೂರುತ್ತದೆ, ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಹೆಡ್ ಬಿಗಿ ಮಾಡಿದಾಗ ಅಂಚುಪಟ್ಟಿ ಆ ಕಸದ ಮೇಲೆ ಬಾಗಿ ಬಿರುಕು ಬಿಡುತ್ತದೆ. ಆದ್ದರಿಂದ ಮೆಟ್ಟಿಲನ್ನು ಲೋಹ ಹೊಳೆಯುವವರೆಗೆ ಶುಚಿ ಮಾಡಿ, ಮೊದಲು ರಬ್ಬರ್ ಉಂಗುರವಿಲ್ಲದೆಯೇ ಹೊಸ ಲೈನರನ್ನು ಇಳಿಸಿ, ಅದರ ತಲೆ ಬ್ಲಾಕಿನ ಮೇಲ್ಮೈಗಿಂತ ಎಷ್ಟು ಮೇಲಿದೆ ಎಂಬುದನ್ನು ಡಯಲ್ ಗೇಜಿನಿಂದ, ಅಥವಾ ನೇರ ಪಟ್ಟಿ ಇಟ್ಟು ಫೀಲರ್ ಗೇಜಿನಿಂದ ಅಳೆಯುತ್ತಾರೆ. ಟಿಇ20ರ ಎಂಜಿನ್ ವಂಶದಲ್ಲಿ ಈ ಎತ್ತರ 3ರಿಂದ 5 ಥೌ ಇರಬೇಕು. ಬೇರೆ ಎಂಜಿನ್ನುಗಳಿಗೆ ಅವುಗಳದೇ ಅಂಕಿಗಳಿವೆ. ಎತ್ತರ ಸಾಲದಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಲೈನರಿನ ಹಿಡಿತ ಬರುವುದಿಲ್ಲ, ಉರಿದ ಅನಿಲ ನೀರಿಗೆ ನುಗ್ಗಿ ರೇಡಿಯೇಟರಿನಲ್ಲಿ ಗುಳ್ಳೆಯೇಳುತ್ತದೆ. ಹೆಚ್ಚಾದರೆ ಅಂಚುಪಟ್ಟಿಯೇ ಮುರಿಯುತ್ತದೆ. ಒಂದು ಸಿಲಿಂಡರಿಗೂ ಪಕ್ಕದ ಸಿಲಿಂಡರಿಗೂ ಹೆಚ್ಚು ವ್ಯತ್ಯಾಸವಿದ್ದರೆ ಹೆಡ್ಡು ಕುಂಟುಕಾಲಿನ ಮಣೆಯಂತೆ ಒಂದರ ಮೇಲೆ ಮಾತ್ರ ಭಾರ ಹಾಕುತ್ತದೆ. ಮೆಟ್ಟಿಲು ಸವೆದಿದ್ದಲ್ಲಿ ತೆಳುವಾದ ಲೋಹದ ಉಂಗುರವಿಟ್ಟು ಎತ್ತರ ಸರಿಪಡಿಸಬಹುದು. ಎರಡು ಗ್ಯಾಸ್ಕೆಟ್ ಹಾಕಿ ಸರಿಪಡಿಸಲು ಹೋಗುವುದು ತಪ್ಪು.

ಅಳತೆ ಒಪ್ಪಿದ ಮೇಲೆ ಲೈನರನ್ನು ತೆಗೆದು ರಬ್ಬರ್ ಉಂಗುರಗಳನ್ನು ತೊಡಿಸಬೇಕು. ಉಂಗುರ ತಿರುಚಿಕೊಂಡಿದ್ದರೆ ಇಳಿಸುವಾಗ ಅದರ ಅಂಚು ಕತ್ತರಿಸಿಹೋಗುತ್ತದೆ, ಮತ್ತು ನೀರು ಕೆಳಗಿನ ಎಂಜಿನ್ ಆಯಿಲಿಗೆ ಇಳಿಯುತ್ತದೆ. ಜಾರಿಕೆಗೆ ಸಾಬೂನಿನ ನೀರು ಅಥವಾ ತಯಾರಕರು ಹೇಳಿದ ಪದಾರ್ಥವನ್ನಷ್ಟೇ ಬಳಸಬೇಕು, ಏಕೆಂದರೆ ಕೆಲವು ಬಗೆಯ ರಬ್ಬರು ಎಣ್ಣೆ ಹೀರಿ ಉಬ್ಬುತ್ತದೆ. ಲೈನರ್ ಕೂತ ಮೇಲೆ ಹೆಡ್ಡು ಬರುವವರೆಗೆ ಅದನ್ನು ಬೋಲ್ಟು ವಾಷರುಗಳಿಂದ ಒತ್ತಿ ಹಿಡಿದಿರಬೇಕು. ಇಲ್ಲವಾದರೆ ಕ್ರ್ಯಾಂಕ್ ತಿರುಗಿಸುವಾಗ ಪಿಸ್ಟನ್ನಿನೊಡನೆ ಲೈನರೂ ಮೇಲೆದ್ದು ಉಂಗುರ ಕದಲುತ್ತದೆ. ಕೆಳಗಿನ ಆಯಿಲ್ ಸಂಪ್ ಮುಚ್ಚುವ ಮುನ್ನ ಬ್ಲಾಕಿಗೆ ನೀರು ತುಂಬಿ ಒಂದು ರಾತ್ರಿ ಬಿಟ್ಟು ನೋಡುವ ರೂಢಿ ಹಳೆಯ ಮೇಸ್ತ್ರಿಗಳಲ್ಲಿದೆ, ಮತ್ತು ಆ ರೂಢಿಯನ್ನು ಅವಸರದ ದಿನಗಳಲ್ಲೂ ಬಿಡಬಾರದು.

ಡ್ರೈ ಲೈನರಿನ ಕಥೆಯೇ ಬೇರೆ. ಇಲ್ಲಿ ಕೊಳವೆಯ ಹೊರ ಅಳತೆಯು ಬ್ಲಾಕಿನ ರಂಧ್ರಕ್ಕಿಂತ ಕೊಂಚ ಹೆಚ್ಚಿರುತ್ತದೆ, ಅದನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸುತ್ತಾರೆ. ಹಿಡಿತಕ್ಕೆ ಬೇಕಾದ ಈ ಹೆಚ್ಚಳವನ್ನು ಬಿಗಿತದ ಅಳತೆ ಎನ್ನಬಹುದು. ಬಿಗಿತವು ಲೈನರ್ ಜಾರದಿರಲಿ ಎಂಬುದಕ್ಕಾಗಿ ಮಾತ್ರ ಎಂದು ಅನೇಕರು ತಿಳಿಯುತ್ತಾರೆ, ಆದರೆ ಅದರ ದೊಡ್ಡ ಪ್ರಯೋಜನ ಶಾಖದ ಸಾಗಾಟ. ಉರಿಯ ಶಾಖವು ಲೈನರಿನಿಂದ ಬ್ಲಾಕಿಗೆ, ಬ್ಲಾಕಿನಿಂದ ನೀರಿಗೆ ಹೋಗಬೇಕು. ಎರಡು ಲೋಹಗಳ ನಡುವೆ ಗಾಳಿ ಉಳಿದರೆ ಆ ದಾರಿ ಕಡಿದುಹೋಗುತ್ತದೆ. ಗಾಳಿಯು ಶಾಖವನ್ನು ಸಾಗಿಸುವ ಶಕ್ತಿ ಎರಕದ ಕಬ್ಬಿಣದ್ದಕ್ಕಿಂತ ಒಂದೂವರೆ ಸಾವಿರ ಪಟ್ಟಿಗೂ ಕಡಿಮೆಯಾದ್ದರಿಂದ, ಲೆಕ್ಕ ಹಾಕಿ ನೋಡಿದರೆ, ಕೇವಲ ಒಂದು ಥೌ ದಪ್ಪದ ಗಾಳಿಯ ಪದರವು ಸುಮಾರು ನಾಲ್ಕು ಸೆಂಟಿಮೀಟರ್ ದಪ್ಪದ ಕಬ್ಬಿಣದಷ್ಟೇ ಶಾಖಕ್ಕೆ ತಡೆಯೊಡ್ಡುತ್ತದೆ. ಲೈನರಿನ ಆ ಜಾಗ ಕಾದು, ಅಲ್ಲಿನ ಎಣ್ಣೆ ಸುಟ್ಟು, ಪಿಸ್ಟನ್ ಉಬ್ಬಿ ಹಿಡಿದುಕೊಳ್ಳುತ್ತದೆ. ಸಡಿಲವಾದ ಲೈನರನ್ನು ಗ್ರೀಸು, ಬಣ್ಣ ಅಥವಾ ಅಂಟು ಹಚ್ಚಿ ಬಿಗಿ ಮಾಡುವ ಪ್ರಯತ್ನ ಏಕೆ ಅಪಾಯವೆಂಬುದು ಈ ಒಂದು ಲೆಕ್ಕದಿಂದಲೇ ಸ್ಪಷ್ಟವಾಗುತ್ತದೆ: ಹಿಡಿತ ಬಂದಂತೆ ಕಾಣುತ್ತದೆ, ಶಾಖದ ದಾರಿ ಮಾತ್ರ ಮುಚ್ಚಿಯೇ ಇರುತ್ತದೆ. ರಂಧ್ರ ಹಿಗ್ಗಿದ್ದರೆ ಬ್ಲಾಕನ್ನು ಸಮನಾಗಿ ಕೊರೆಸಿ, ಹೊರ ಅಳತೆ ಹೆಚ್ಚಿರುವ ಲೈನರ್ ತರಿಸುವುದೊಂದೇ ಸರಿಯಾದ ಮಾರ್ಗ.

ಹಳೆಯ ಡ್ರೈ ಲೈನರನ್ನು ತೆಗೆಯುವುದರಲ್ಲೂ ಇದೇ ವಿವೇಕ ಬೇಕು. ಉಳಿ ಸುತ್ತಿಗೆಯಿಂದ ಹೊಡೆದು ತೆಗೆದರೆ ಬ್ಲಾಕಿನ ರಂಧ್ರದಲ್ಲಿ ಗೀರು ಬೀಳುತ್ತದೆ, ಆ ಗೀರು ಮುಂದೆ ಗಾಳಿಯ ಗೂಡಾಗುತ್ತದೆ. ಪ್ರೆಸ್ಸಿನಲ್ಲಿ ಕೆಳಗಿನಿಂದ ಸಮನಾಗಿ ತಳ್ಳುವುದು, ಅಥವಾ ಬೋರಿಂಗ್ ಯಂತ್ರದಲ್ಲಿ ಕಾಗದದಷ್ಟು ತೆಳುವಾಗುವವರೆಗೆ ಕೊರೆದು ಕಳಚುವುದು ಉತ್ತಮ. ಲೈನರಿನ ಒಳಮೈಯಲ್ಲಿ ಮೇಲಿನಿಂದ ಕೆಳಕ್ಕೆ ವೆಲ್ಡಿಂಗಿನ ಒಂದು ಗೆರೆ ಎಳೆಯುವ ಉಪಾಯವೂ ಇದೆ. ಕರಗಿದ ಲೋಹ ತಣಿಯುವಾಗ ಕುಗ್ಗುವುದರಿಂದ ಇಡೀ ಕೊಳವೆಯ ಸುತ್ತಳತೆ ಕಿರಿದಾಗಿ ಅದು ಕೈಗೇ ಬರುತ್ತದೆ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳ ಮೇಲೆ ಕೈ ಪಳಗಿಸಿಕೊಂಡ ಹಿರಿಯ ಕುಶಲಕರ್ಮಿಗಳು ಕರ್ನಾಟಕದಲ್ಲಿದ್ದಾರೆ, ಅವರ ಕೈ ಮತ್ತು ಕಣ್ಣು ಈ ನಾಡಿನ ನಿಜವಾದ ಆಸ್ತಿ. ಆದರೂ ಬೋರು ಕೊರೆಯುವ ಕೆಲಸಕ್ಕೆ ಲೇತಿಗಿಂತ ಅದಕ್ಕೆಂದೇ ಇರುವ ಬೋರಿಂಗ್ ಯಂತ್ರ ಸೂಕ್ತ, ಏಕೆಂದರೆ ಬೋರು ಕ್ರ್ಯಾಂಕ್ ಶಾಫ್ಟಿನ ಅಕ್ಷಕ್ಕೆ ಲಂಬವಾಗಿ ನಿಲ್ಲಬೇಕು.

ಬಿಗಿಯಾದ ಲೈನರನ್ನು ಬಲಪ್ರಯೋಗವಿಲ್ಲದೆ ಇಳಿಸಲು ಅದನ್ನು ತಣ್ಣಗೆ ಮಾಡಿ ಕುಗ್ಗಿಸುವ ಪದ್ಧತಿಯಿದೆ. ಎರಕದ ಕಬ್ಬಿಣವು ಒಂದು ಡಿಗ್ರಿ ಸೆಲ್ಸಿಯಸ್ ತಣಿದರೆ ತನ್ನ ಅಳತೆಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 11 ಭಾಗ ಕುಗ್ಗುತ್ತದೆ. 100 ಮಿ.ಮೀ. ಅಡ್ಡಳತೆಯ ಲೈನರನ್ನು 30 ಡಿಗ್ರಿಯಿಂದ ಮನೆಯ ಫ್ರೀಜರಿನ ಮೈನಸ್ 18 ಡಿಗ್ರಿಗೆ ಇಳಿಸಿದರೆ ಅದು 0.05 ಮಿ.ಮೀ., ಅಂದರೆ ಎರಡು ಥೌ ಕುಗ್ಗುತ್ತದೆ; ಮೈನಸ್ 78 ಡಿಗ್ರಿಯ ಡ್ರೈ ಐಸಿನಲ್ಲಿ ಇಟ್ಟರೆ ಸುಮಾರು 0.12 ಮಿ.ಮೀ., ಅಂದರೆ ಐದು ಥೌ ಹತ್ತಿರ. ಎರಡು ಥೌ ಬಿಗಿತವಿರುವಲ್ಲಿ ಫ್ರೀಜರೊಂದೇ ಸಾಕಾಗುವಂತೆ ತೋರಿದರೂ, ಹೊರತೆಗೆದ ಕ್ಷಣದಿಂದಲೇ ಲೈನರ್ ಬಿಸಿಯೇರಿ ಹಿಗ್ಗತೊಡಗುತ್ತದೆ, ಅದರ ಮೈಮೇಲೆ ಗಾಳಿಯ ತೇವ ಇಬ್ಬನಿಯಾಗಿ ಕೂರುತ್ತದೆ. ಒರೆಸದೆ ಇಳಿಸಿದರೆ ಆ ನೀರು ಎರಡು ಲೋಹಗಳ ನಡುವೆ ಸಿಕ್ಕಿ ತುಕ್ಕಾಗುತ್ತದೆ. ಅರ್ಧಕ್ಕೆ ಸಿಕ್ಕಿಕೊಂಡ ಲೈನರನ್ನು ಹೊಡೆದು ಇಳಿಸುವುದಕ್ಕಿಂತ ತೆಗೆದು ಮತ್ತೆ ಮೊದಲಿನಿಂದ ಮಾಡುವುದೇ ಅಗ್ಗ.

ಇದೇ ಲೆಕ್ಕವು ಅಳತೆಯ ವಿಷಯದಲ್ಲಿ ಕತಾರಿನ ಬೇಸಿಗೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಯಂತ್ರಭಾಗಗಳ ಅಳತೆಗೆ ಜಗತ್ತಿನಾದ್ಯಂತ ಒಪ್ಪಿದ ಉಷ್ಣತೆ 20 ಡಿಗ್ರಿ. ಬ್ಲಾಕು, ಲೈನರ್, ಮೈಕ್ರೋಮೀಟರ್ ಮೂರೂ ಒಂದೇ ಉಷ್ಣತೆಯಲ್ಲಿದ್ದರೆ ಅವು ಹೆಚ್ಚುಕಡಿಮೆ ಒಟ್ಟಿಗೇ ಹಿಗ್ಗಿ ಕುಗ್ಗುವುದರಿಂದ ದೋಷ ತಾನಾಗಿ ಅಳಿಯುತ್ತದೆ. ಆದರೆ ಮಧ್ಯಾಹ್ನದ 45 ಡಿಗ್ರಿಯಲ್ಲಿ ಅಂಗಳದಲ್ಲಿ ಬಿದ್ದಿರುವ ಬ್ಲಾಕನ್ನೂ, 22 ಡಿಗ್ರಿಯ ಏಸಿ ಕೋಣೆಯಿಂದ ಆಗಷ್ಟೇ ತಂದ ಲೈನರನ್ನೂ ಅಳೆದರೆ, 100 ಮಿ.ಮೀ. ಅಡ್ಡಳತೆಯಲ್ಲಿ 0.025 ಮಿ.ಮೀ. ವ್ಯತ್ಯಾಸ ಬರುತ್ತದೆ, ಅದು ಹೆಚ್ಚುಕಡಿಮೆ ಸರಿಯಾಗಿ ಒಂದು ಥೌ. ಎರಡು ಥೌ ಬಿಗಿತವಿದೆ ಎಂದು ತಿಳಿದದ್ದು ಮೂರಾಗಿರುತ್ತದೆ. ರಾಯಚೂರು, ಕಲಬುರಗಿಗಳ ಏಪ್ರಿಲ್ ತಿಂಗಳಿನಲ್ಲೂ ಈ ಮಾತು ನಿಜ. ಹಿಂದಿನ ರಾತ್ರಿಯೇ ಎಲ್ಲವನ್ನೂ ಒಂದೇ ನೆರಳಿನಲ್ಲಿ ಇಟ್ಟು, ಬೆಳಗಿನ ಜಾವ ಅಳೆಯುವುದು ಯಾವ ಖರ್ಚೂ ಇಲ್ಲದ ಪರಿಹಾರ.

ಪ್ರೆಸ್ಸಿನಲ್ಲಿ ಒತ್ತಿದ ತೆಳು ಲೈನರಿನ ಒಳ ಅಳತೆ ಕೊಂಚ ಕುಗ್ಗುತ್ತದೆ. ಅದಕ್ಕಾಗಿಯೇ ಕೆಲವು ಲೈನರುಗಳು ಒಳಗೆ ಹೆಚ್ಚು ಲೋಹ ಉಳಿಸಿಕೊಂಡು ಬರುತ್ತವೆ, ಅವನ್ನು ಕೂರಿಸಿದ ಮೇಲೆ ಬೋರು ಕೊರೆದು ಹೋನಿಂಗ್ ಮಾಡಬೇಕು. ಮತ್ತೆ ಕೆಲವು ಮುಗಿದ ಅಳತೆಯಲ್ಲೇ ಬಂದು ಹಗುರವಾದ ಬಿಗಿತದಲ್ಲಿ ಕೂರುತ್ತವೆ. ಎರಡನ್ನೂ ಒಂದೇ ಎಂದು ತಿಳಿದು ಹೋನಿಂಗ್ ಬಿಟ್ಟುಬಿಟ್ಟರೆ ಪಿಸ್ಟನ್ನಿಗೆ ಜಾಗ ಸಾಲದೆ ಮೊದಲ ದಿನವೇ ಎಂಜಿನ್ ಹಿಡಿದುಕೊಳ್ಳಬಹುದು. ಹೋನಿಂಗ್ ಎಂದರೆ ಸಾಣೆಕಲ್ಲುಗಳನ್ನು ತಿರುಗಿಸುತ್ತ ಮೇಲೆ ಕೆಳಗೆ ಆಡಿಸಿ ಬೋರಿನ ಮೈಮೇಲೆ ಒಂದನ್ನೊಂದು ದಾಟುವ ಸಣ್ಣ ಗೆರೆಗಳನ್ನು ಮೂಡಿಸುವುದು. ಚಾಪೆಯ ಹೆಣಿಗೆಯಂತೆ ಕಾಣುವ ಈ ಗೆರೆಗಳು ಎಣ್ಣೆಯನ್ನು ಹಿಡಿದಿಡುತ್ತವೆ, ರಿಂಗು ಗೋಡೆಗೆ ಹೊಂದಿಕೊಳ್ಳಲು ನೆರವಾಗುತ್ತವೆ. ಕನ್ನಡಿಯಂತೆ ನುಣುಪಾದ ಬೋರು ನೋಡಲು ಚೆಂದ, ಕೆಲಸಕ್ಕೆ ಬಾರದು.

ಹೋನಿಂಗಿನ ನಂತರದ ತೊಳೆಯುವಿಕೆಯ ಬಗ್ಗೆ ಎಷ್ಟು ಒತ್ತಿ ಹೇಳಿದರೂ ಸಾಲದು. ಸಾಣೆಕಲ್ಲಿನ ಪುಡಿ ಆ ಗೆರೆಗಳೊಳಗೆ ಸಿಕ್ಕಿರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲಿನಿಂದ ಒರೆಸಿದರೆ ಎಣ್ಣೆಯಂಶ ಹೋಗುತ್ತದೆಯೇ ಹೊರತು ಪುಡಿ ಅಲ್ಲೇ ಉಳಿಯುತ್ತದೆ. ಬಿಸಿನೀರು, ಬಟ್ಟೆ ತೊಳೆಯುವ ಸಾಬೂನಿನ ಪುಡಿ, ಗಟ್ಟಿ ಬ್ರಷ್ಷು ಇವುಗಳಿಂದ ಉಜ್ಜಿ ತೊಳೆದು, ಒಣಗಿಸಿ, ತೆಳುವಾಗಿ ಎಂಜಿನ್ ಆಯಿಲ್ ಸವರಿ, ಬಿಳಿಯ ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ಬೂದು ಬಣ್ಣ ಹತ್ತದಂತಾಗುವವರೆಗೆ ಮತ್ತೆ ತೊಳೆಯಬೇಕು. ಒಂದು ಗಂಟೆಯೂ ಹಿಡಿಯದ ಈ ಕೆಲಸವನ್ನು ಬಿಟ್ಟರೆ, ಧೂಳಿನಿಂದ ಸವೆದ ಎಂಜಿನ್ನಿಗೆ ಇನ್ನೂ ಹರಿತವಾದ ಧೂಳನ್ನು ಕೈಯಾರೆ ತುಂಬಿದಂತಾಗುತ್ತದೆ. ದೂರದಿಂದ ಫೋಟೋ ಕೇಳುವುದೇ ಆದರೆ ಆ ಬಿಳಿಯ ಬಟ್ಟೆಯ ಫೋಟೋ ಕೇಳಬಹುದು. ಈ ಇಡೀ ಕೆಲಸದಲ್ಲಿ ಚಿತ್ರವು ಅಂಕಿಯಷ್ಟೇ ಸತ್ಯ ಹೇಳುವ ಜಾಗ ಅದೊಂದೇ. ಇದಾದ ಬಳಿಕ ಪ್ರತಿ ರಿಂಗನ್ನೂ ಅದರದೇ ಬೋರಿನಲ್ಲಿ ನೇರವಾಗಿ ಇಟ್ಟು ತುದಿಗಳ ನಡುವಿನ ಸಂದನ್ನು ಅಳೆಯಬೇಕು. ಬೋರಿನ ಪ್ರತಿ ಇಂಚಿಗೆ ಸುಮಾರು ನಾಲ್ಕು ಥೌ ಎಂಬುದು ರೂಢಿಯ ಅಂದಾಜು, ಕೈಪಿಡಿಯ ಅಂಕಿ ಇದ್ದಲ್ಲಿ ಅದೇ ಅಂತಿಮ. ರಿಂಗು ಕಾದು ಹಿಗ್ಗಿದಾಗ ತುದಿಗಳು ಒಂದಕ್ಕೊಂದು ತಾಗಿದರೆ ಅದು ಮುರಿದು ಹೊಸ ಲೈನರನ್ನು ಗೀರುತ್ತದೆ.

ನೀರಿನ ಮಾತು ಇನ್ನೂ ಉಳಿದಿದೆ. ವೆಟ್ ಲೈನರುಗಳು ಒಳಗಿನಿಂದ ಮಾತ್ರವಲ್ಲ, ಹೊರಗಿನಿಂದಲೂ ಸಾಯುತ್ತವೆ. ಪಿಸ್ಟನ್ ಒಂದು ಪಕ್ಕಕ್ಕೆ ಬಡಿದಾಗ ಲೈನರ್ ಗಂಟೆಯಂತೆ ಕಂಪಿಸುತ್ತದೆ, ಅದರ ಹೊರಮೈಯ ನೀರಿನಲ್ಲಿ ಕ್ಷಣಕಾಲ ಆವಿಯ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ, ಪ್ರತಿ ಒಡೆತವೂ ಕಬ್ಬಿಣದ ಮೇಲೆ ಸೂಜಿಯ ಪೆಟ್ಟಿನಂತೆ ಬೀಳುತ್ತದೆ. ಸಾವಿರಾರು ಗಂಟೆಗಳಲ್ಲಿ ಈ ಪೆಟ್ಟುಗಳು ಗುಳಿಯಾಗಿ, ಗುಳಿ ತೂತಾಗಿ ನೀರು ಸಿಲಿಂಡರಿಗೆ ಬರುತ್ತದೆ. ಕೂಲೆಂಟಿನಲ್ಲಿರುವ ರಾಸಾಯನಿಕಗಳು ಲೋಹದ ಮೇಲೆ ಕಟ್ಟುವ ರಕ್ಷಣೆಯ ಪದರವು ಈ ಪೆಟ್ಟನ್ನು ತಡೆಯುತ್ತದೆ. ಕತಾರಿನಲ್ಲಿ ನಗರಕ್ಕೆ ಸಿಗುವ ನೀರು ಬಹುಪಾಲು ಸಮುದ್ರದ ನೀರಿನಿಂದ ಉಪ್ಪು ತೆಗೆದದ್ದು, ಅಲ್ಲಿನ ಅಂತರ್ಜಲ ಉಪ್ಪಾಗಿರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಕೊಳವೆಬಾವಿಯ ನೀರನ್ನು ಯಾರೂ ಎಂಜಿನ್ನಿಗೆ ಸುರಿಯುವುದಿಲ್ಲ. ಊರಿನಲ್ಲಿ ಮಾತ್ರ ಬೋರ್‌ವೆಲ್ಲಿನ ಗಡಸು ನೀರು ಸಲೀಸಾಗಿ ರೇಡಿಯೇಟರಿಗೆ ಹೋಗುತ್ತದೆ. ಆ ನೀರು ಬಿಟ್ಟುಹೋಗುವ ಸುಣ್ಣದ ಪದರವು ಕಬ್ಬಿಣಕ್ಕಿಂತ ಇಪ್ಪತ್ತು ಪಟ್ಟಿಗೂ ಕಡಿಮೆ ಶಾಖ ಸಾಗಿಸುತ್ತದೆ, ಒಂದು ಮಿ.ಮೀ. ಸುಣ್ಣ ಕಟ್ಟಿದರೆ ಲೈನರಿನ ಗೋಡೆ ಎರಡು ಸೆಂಟಿಮೀಟರಿಗೂ ಹೆಚ್ಚು ದಪ್ಪವಾದಂತೆ. ಬ್ಲಾಕು ಖಾಲಿಯಾಗಿರುವಾಗಲೇ ಅದರ ನೀರಿನ ದಾರಿಗಳನ್ನು ಕೆರೆದು ತೊಳೆಯುವುದು ಸುಲಭ, ಆ ಅವಕಾಶ ಮುಂದಿನ ದುರಸ್ತಿಯವರೆಗೆ ಮತ್ತೆ ಬರುವುದಿಲ್ಲ. ಕರಾವಳಿ ಮತ್ತು ಮಲೆನಾಡಿನವರ ಒಂಟಿ ಸಿಲಿಂಡರಿನ ಪವರ್ ಟಿಲ್ಲರುಗಳಿಗೂ, 1967ರಲ್ಲಿ ಬೆಂಗಳೂರಿನಲ್ಲಿ ಮಿತ್ಸುಬಿಷಿಯ ಸಹಯೋಗದಿಂದ ಹುಟ್ಟಿದ ವಿಎಸ್‌ಟಿ ಟಿಲ್ಲರ್ಸ್ ಸಂಸ್ಥೆಯ ಯಂತ್ರಗಳನ್ನೂ ಸೇರಿಸಿ, ನೀರಿನ ಈ ಎಚ್ಚರ ಅಷ್ಟೇ ಸಲ್ಲುತ್ತದೆ.

ಎಂಜಿನ್ ಮತ್ತೆ ಜೋಡಣೆಯಾದ ದಿನ ಅದನ್ನು ಕೆಲಸವಿಲ್ಲದೆ ನಿಧಾನ ವೇಗದಲ್ಲಿ ಇಡೀ ಹಗಲು ಓಡಲು ಬಿಡುವ ಪದ್ಧತಿ ಹಳ್ಳಿಗಳಲ್ಲಿದೆ; ಹೊಸ ಭಾಗಗಳಿಗೆ ನೋವಾಗದಿರಲಿ ಎಂಬ ಕಾಳಜಿ ಅದರ ಹಿಂದಿದ್ದರೂ ಫಲ ವಿರುದ್ಧವಾಗುತ್ತದೆ. ಭಾರವಿಲ್ಲದಾಗ ಅನಿಲದ ಒತ್ತಡ ಕಡಿಮೆಯಿರುವುದರಿಂದ ರಿಂಗು ಗೋಡೆಗೆ ಒತ್ತಿಕೊಳ್ಳುವುದಿಲ್ಲ, ಹೋನಿಂಗಿನ ಗೆರೆಗಳು ಸುಟ್ಟ ಎಣ್ಣೆಯಿಂದ ತುಂಬಿ ಬೋರು ಮಿರುಗತೊಡಗುತ್ತದೆ, ಎಂಜಿನ್ ಮತ್ತೆ ಆಯಿಲ್ ಕುಡಿಯುತ್ತದೆ. ನೀರು ಬಿಸಿಯಾಗುವವರೆಗೆ ಮಾತ್ರ ನಿಲ್ಲಿಸಿ ಓಡಿಸಿ, ಎಲ್ಲಿಯೂ ಸೋರುತ್ತಿಲ್ಲವೆಂದು ನೋಡಿ, ಆಮೇಲೆ ಹಗುರವಾದ ನೇಗಿಲು ಅಥವಾ ಅರ್ಧ ತುಂಬಿದ ಟ್ರೇಲರ್ ಕಟ್ಟಿ, ವೇಗವನ್ನು ಏರಿಸುತ್ತ ಇಳಿಸುತ್ತ ದುಡಿಸುವುದು ಸರಿ. ಪೂರ್ತಿ ಭಾರದ ರೋಟವೇಟರ್ ಮತ್ತು ದೂರದ ಕಬ್ಬಿನ ಲೋಡು ಕೆಲವು ದಿನ ಕಾಯಬೇಕು. ಸುಮಾರು 50 ಗಂಟೆ ದುಡಿದ ಮೇಲೆ ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಕೈಪಿಡಿ ಹೇಳಿದ್ದರೆ ಹೆಡ್ ಬೋಲ್ಟುಗಳನ್ನು ಟಾರ್ಕ್ ಸ್ಪ್ಯಾನರಿನಿಂದ ಮತ್ತೆ ಬಿಗಿ ಮಾಡಿ, ವಾಲ್ವುಗಳ ಸಂದನ್ನು ಸರಿಪಡಿಸಬೇಕು. ಇಳಿಸಿದ ಆಯಿಲನ್ನು ಚರಂಡಿಗೆ ಚೆಲ್ಲದೆ ಬಿಳಿಯ ಡಬ್ಬಿಯೊಂದರಲ್ಲಿ ಒಂದು ರಾತ್ರಿ ಇಟ್ಟರೆ, ನೀರು ಬೆರೆತಿದ್ದಲ್ಲಿ ಅದು ತಳಕ್ಕಿಳಿದು ಅಥವಾ ಮಜ್ಜಿಗೆಯ ಬಣ್ಣ ತಾಳಿ ಕಾಣಿಸಿಕೊಳ್ಳುತ್ತದೆ, ಲೈನರಿನ ಕೆಳಗಿನ ಉಂಗುರ ಹಿಡಿದಿದೆಯೋ ಇಲ್ಲವೋ ಎಂಬುದು ಮರುದಿನ ಬೆಳಗ್ಗೆ ಹೊಲದಲ್ಲಿರುವವರಿಗೂ ಅಲ್ ಸದ್ದ್‌ನಲ್ಲಿರುವವರಿಗೂ ಒಟ್ಟಿಗೇ ತಿಳಿಯುತ್ತದೆ.